ನಾಲ್ಕು ಹಲ್ಲಿನ ಅಡ್ಡಿ

"ಬಾಯಾಗ ಹಲ್ಲಿಲ್ಲದ ಬಡವರಿಗೆಲ್ಲ ಪುಗಸಟ್ಟೆ ಹಲ್ಲಿನ ಸೆಟ್ ಕೂಡಸ್ತೀವಿ. ಇದು ನಮ್ಮ ಮಾತು!" ಆರು ವರ್ಷದ ಹಿಂದೆ ದೇವಣಗಾಂವದ ಶಾಲೆಯ ಅಂಗಳದಲ್ಲಿ, ದಂತ ಶಿಬಿರಕ್ಕೆ ಬಂದ ಸಾಹೇಬರು ಮೈಕಿನಲ್ಲಿ ಹೀಗೆಂದರು. ನಾವು ಚಪ್ಪಾಳೆ ಹೊಡೆದೆವು.

ನಾನು ಊರಿನ ಆಶಾ ಕಾರ್ಯಕರ್ತೆ. ಶಿಬಿರಕ್ಕೆ ಮನೆಮನೆ ತಿರುಗಿ ಹೆಸರು ಬರೆದವಳು ನಾನೇ. ಮೊದಲ ಹೆಸರು ಸುಂದರವ್ವ ದೊಡ್ಡವ್ವನದು. ಕಬ್ಬು ಕಡಿಯುವ ಕೂಲಿ. ಬಾಯಲ್ಲಿ ಉಳಿದದ್ದು ಮುಂದಿನ ನಾಲ್ಕೇ ಹಲ್ಲು. ಸಾರಿನಲ್ಲಿ ಅದ್ದಿದ ಖಡಕ್ ರೊಟ್ಟಿಯನ್ನು ಅವುಗಳಿಂದಲೇ ಕಡಿದು ನುಂಗುತ್ತಿದ್ದಳು.

ಶಿಬಿರದ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. "ಅಜ್ಜಿ, ನಾಕು ಹಲ್ಲು ಅದಾವಲ್ಲ ನಿಮಗ?"

"ಅದಾವ್ರಿ. ಛಲೋ ಅದಾವು."

"ಹಂಗಾದ್ರ ಸೆಟ್ ಸಿಗೂದಿಲ್ಲ. ಒಂದೂ ಇರಬಾರದು, ರೂಲ್ ಐತಿ."

ದೊಡ್ಡವ್ವ ನನ್ನತ್ತ ತಿರುಗಿದಳು. "ಏನವಾ ಸುವರ್ಣಾ, ಹಲ್ಲು ಇದ್ದದ್ದ ತಪ್ಪಾತಲ್ಲ?"

"ಬೇಕಂದ್ರ ಇಲ್ಲೇ ತಗೀತೀವ್ರಿ. ಅದೂ ಪುಗಸಟ್ಟೆ," ಎಂದರು ಡಾಕ್ಟರು. ಕೊಡುವುದಕ್ಕೆ ನೂರು ರೂಲ್, ಕೀಳುವುದಕ್ಕೆ ಒಂದೂ ಇಲ್ಲ.

"ಹೂಂ ಅನ್ನು ದೊಡ್ಡವ್ವಾ, ಹೊಸಾವು ಬರ್ತಾವು," ಎಂದೆ ನಾನು. ಆಕೆ ಬಾಯಿ ತೆರೆದಳು.

ಲಾಲಬಿ ಚಾಚಿ ಎರಡು ಕೊಟ್ಟಳು, ಗುರವ್ವ ಐದು. ಮಧ್ಯಾಹ್ನದೊಳಗೆ ಇಪ್ಪತ್ತೆರಡು ಹೆಂಗಸರು ಸಂಪೂರ್ಣ ಅರ್ಹರಾದರು.

ಅಳತೆಗೆ ಬರುತ್ತೇವೆ ಎಂದವರು ಬರಲಿಲ್ಲ. ನಾವೇ ಸಿಂದಗಿಯ ತಾಲೂಕು ಆಸ್ಪತ್ರೆಗೆ ಹೋದೆವು. ಒಮ್ಮೆ ಚುನಾವಣೆ, ಒಮ್ಮೆ ಡಾಕ್ಟರ ವರ್ಗಾವಣೆ, ಒಮ್ಮೆ ಅಳತೆ ತೆಗೆಯುವ ಮೇಣವೇ ಖಾಲಿ. ದೊಡ್ಡವ್ವ ರೊಟ್ಟಿಯನ್ನು ಕುಟ್ಟಿ ಬಿಸಿನೀರಲ್ಲಿ ಕಲಸಿ ಕುಡಿದಳು. ಮೈ ಇಳಿಯಿತು. "ನಿನ್ನ ಕೈಲೆ ಆಗೂದಿಲ್ಲಬೇ" ಎಂದು ಕೂಲಿಗಳ ಮುಖಂಡ ಮುಕಾದಮ ಆಕೆಯನ್ನು ಕಬ್ಬು ಕಡಿಯುವ ಗುಂಪಿನಿಂದ ಕೈಬಿಟ್ಟ.

ಮೊನ್ನೆ ಸೋಮವಾರ ಒಂಬತ್ತು ಮಂದಿ ಮತ್ತೆ ಹೋದೆವು. ಹೊಸ ಡಾಕ್ಟರು ದೊಡ್ಡವ್ವನ ಬಾಯಿ ನೋಡಿದರು. "ವಸಡು ಸವದಾವ. ಇನ್ನ ಸೆಟ್ ನಿಲ್ಲೂದಿಲ್ಲ. ಲಗೂನ ಬರಬೇಕಿತ್ರಿ ನೀವು."

"ಲಗೂನ?" ದೊಡ್ಡವ್ವ ನಕ್ಕಳು. "ಹನ್ನೊಂದು ಸಲ ಬಂದೇನ್ರಿ. ನಿಮ್ಮ ಬಾಗಲದ ನಾಯಿನೂ ನನಗ ಬೊಗಳೂದು ಬಿಟ್ಟೈತಿ."

ಗುಮಾಸ್ತ ಸಿದ್ದಾರೂಢ ಹುರಿದ ಸೇಂಗಾ ಅಗಿಯುತ್ತ, "ಫೈಲ್ ಮುಗದೈತಿ ಅಜ್ಜಿ. ಮನಿಗೆ ಹೋಗ್ರಿ," ಎಂದ.

"ಹೋಗ್ತೇನಿ. ನನ್ನ ನಾಕು ಹಲ್ಲು ಕೊಡು."

"ಅವು ಎಲ್ಲಿ ಅದಾವಬೇ ಈಗ?"

"ತಗದವರು ನೀವು. ನನ್ನ ಕೇಳತಿ?"

"ನಂವು ಎರಡು!" ಎಂದಳು ಲಾಲಬಿ ಚಾಚಿ. "ನಂವು ಐದು!" ಎಂದಳು ಗುರವ್ವ.

ಸಿದ್ದಾರೂಢ ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. "ಏನ್ರಿ ಮೇಡಂ, ನೀವು ನಮ್ಮವ್ರು. ತಿಳಿಸಿ ಹೇಳ್ರಿ ಇವರಿಗೆ."

ನಾನು ಕಾಗದ ತೆಗೆದು ಬರೆದೆ: 'ಸೆಟ್ ಕೊಡುವುದಾಗಿ ಹೇಳಿ ಇವರ ಗಟ್ಟಿ ಹಲ್ಲು ಕಿತ್ತಿದ್ದೀರಿ. ಹೂಂ ಅನ್ನಿಸಿದವಳು ನಾನು. ಉತ್ತರ ಕೊಡಿ.' ಎಂಟು ಹೆಬ್ಬೆಟ್ಟು ಬಿದ್ದವು, ಕೆಳಗೆ ನನ್ನ ಸಹಿ.

"ಅರ್ಜಿ ಮುಟ್ಟೈತಿ ಅಂತ ಸಿಕ್ಕಾ ಹೊಡೀರಿ," ಎಂದೆ.

"ಇಂಥಾ ಅರ್ಜಿಗೆ ಬರೂದಿಲ್ರಿ!"

ದೊಡ್ಡವ್ವ ಬಾಗಿಲಿಗೆ ಅಡ್ಡ ಕೂತಳು. ಉಳಿದವರೂ ಕೂತರು. ಸಂಜೆ ಏಳಕ್ಕೆ ಸಿಕ್ಕಾ ಬಿತ್ತು.

ಇಪ್ಪತ್ತೆರಡು ಮಂದಿಯಲ್ಲಿ ಒಬ್ಬರಿಗೂ ಸೆಟ್ ಬಂದಿಲ್ಲ.