ಬ್ಯಾನರಿಗೆ ಬಂದ ನೀರಿನ ಟ್ಯಾಂಕರ್

ನಮ್ಮ ಲತೇಶ ಹೋರಾಟಗಾರ. ಹಾಗೆಂದು ಅವನೇ ಹೇಳಿದ್ದು. ಗಲ್ಫಿನ ರಾಸ್ ಅಲ್ ಖೈರಿನ ಕಾರ್ಮಿಕರ ಕ್ಯಾಂಪಿನಲ್ಲಿ ಕರಾವಳಿಯವರ ಸಂಘಕ್ಕೆ ಅವನೇ ಅಧ್ಯಕ್ಷ, ಶುಕ್ರವಾರದ ಬಿರಿಯಾನಿಗೆ ಮೊದಲು ಭಾಷಣ ಬಿಗಿಯುವವನೂ ಅವನೇ. ಊರಿಗೆ ಕಲ್ಲಿದ್ದಲು ಯಾರ್ಡ್ ಬರುತ್ತದೆ, ಮಲ್ಲಿಗೆ ಗಿಡದ ಮೇಲೆ ಕರಿ ಕೂರುತ್ತದೆ, ಬಾವಿ ಕೆಡುತ್ತದೆ ಎಂದು ಗಂಟಲು ಕಟ್ಟುವವರೆಗೆ ಹೇಳುತ್ತಿದ್ದ. ಬಿರಿಯಾನಿ ತಣ್ಣಗಾಗುತ್ತಿತ್ತು.

ನಿಜವಾಗಿ ಗಂಟಲು ಕಟ್ಟಿದ್ದು ಹಸನ್ ಕುಂಞಿಯದು. ನಮ್ಮ ಕೆಲಸ ಅಲ್ಯೂಮಿನಿಯಂ ಕಾರ್ಖಾನೆಗೆ ಕೋಕ್ ಇಳಿಸುವ ಯಾರ್ಡಿನಲ್ಲಿ. ಕೋಕ್ ಎಂದರೆ ಕಲ್ಲಿದ್ದಲಿನ ದಾಯಾದಿ. ಗಾಳಿ ಬೀಸಿದರೆ ಮೂಗು, ಕಿವಿ, ಚಹಾದ ಲೋಟ ಎಲ್ಲ ಕಪ್ಪು. ಕುಂಞಿ ರಾಶಿಯ ಬುಡದಲ್ಲೇ ಲೋಡರ್ ಓಡಿಸುವವನು. ಧೂಳಿನಿಂದ ದೂರ ಇರದಿದ್ದರೆ ಶ್ವಾಸಕೋಶ ಉಳಿಯದು ಎಂದು ಡಾಕ್ಟರು ಹೇಳಿಯಾಗಿತ್ತು. ರಾಶಿಗೆ ನೀರು ಹೊಡೆಸಿ, ನನ್ನನ್ನು ಸ್ಟೋರಿಗೆ ಹಾಕಿ ಎಂದು ಅವನು ಕೇಳಿದರೆ, ಬೇರೆ ಯಾರೂ ದೂರುತ್ತಿಲ್ಲವಲ್ಲ ಎಂದು ಮ್ಯಾನೇಜರ್ ಅಟ್ಟಿದ್ದ.

"ಲತೇಶಣ್ಣ, ನೀವು ನಾಲ್ಕು ಜನ ನನ್ನೊಟ್ಟಿಗೆ ಬಂದು ನಿಂತ್ರೆ ಸಾಕು. ಮಾತಾಡುದು ನಾನೇ," ಎಂದ ಕುಂಞಿ.

"ಇಲ್ಲಿ ಯೂನಿಯನ್ ಗೀನಿಯನ್ ಎಲ್ಲ ಇಲ್ಲ ಮಾರಾಯ. ಗುಂಪು ಕಟ್ಟಿದ್ರೆ ಇಕಾಮಾ ಪರ್ಮಿಟ್ ಕ್ಯಾನ್ಸಲ್ ಮಾಡಿ ವಿಮಾನ ಹತ್ತಿಸ್ತಾರೆ. ನೀನು ಸ್ವಲ್ಪ ಬೆಲ್ಲ ತಿನ್ನು, ಧೂಳಿಗೆ ಒಳ್ಳೇದು," ಎಂದ ಲತೇಶ.

ಬೆಲ್ಲವಂತೆ! ನನಗೆ ಮೈ ಉರಿಯಿತು.

ಮರುವಾರ ಊರಿನ ಹೋರಾಟಕ್ಕೆ ಬೆಂಬಲವೆಂದು ಲತೇಶ ಬ್ಯಾನರ್ ಮಾಡಿಸಿದ: 'ಕಲ್ಲಿದ್ದಲಿನ ಧೂಳು ಸಾಕು, ಉಸಿರು ನಮ್ಮ ಹಕ್ಕು'. ಹಿಂದೆ ಕಪ್ಪು ಇದ್ದರೆ ಫೋಟೋ ಚಂದ ಎಂದು, ಶಿಫ್ಟ್ ಮುಗಿದ ಕೂಡಲೇ ನಮ್ಮನ್ನು ಯೂನಿಫಾರ್ಮಿನಲ್ಲೇ ಕೋಕ್ ರಾಶಿಯೆದುರು ನಿಲ್ಲಿಸಿ ಮುಷ್ಟಿ ಎತ್ತಿಸಿದ. ಕುಂಞಿಯ ಕೆಮ್ಮಿಗೆ ಬ್ಯಾನರ್ ಅಲುಗುತ್ತದೆಂದು ಅವನನ್ನು ಬದಿಗೆ ಸರಿಸಿದ. ಯಾರ ಇಕಾಮಾವೂ ಆಗ ಅವನಿಗೆ ನೆನಪಾಗಲಿಲ್ಲ.

ಫೋಟೋ ಫೇಸ್‌ಬುಕ್ಕಿನಲ್ಲಿ ಸುತ್ತಿ ಸುತ್ತಿ ಮ್ಯಾನೇಜರನ ಫೋನಿಗೂ ಬಂತು. ಅವನಿಗೆ ಕನ್ನಡ ಬಾರದು. ಕಂಡದ್ದು ಕಂಪನಿಯ ಯೂನಿಫಾರ್ಮು, ಕಂಪನಿಯ ರಾಶಿ, ಎತ್ತಿದ ಮುಷ್ಟಿ. ತನ್ನ ಕುರ್ಚಿಗೇ ಸಂಚಕಾರ ಎಂದು ಹೆದರಿರಬೇಕು. ಬೆಳಗ್ಗೆ ಟ್ಯಾಂಕರ್ ಬಂದು ರಾಶಿಗೆ ನೀರು ಹೊಡೆಯಿತು. ಹೊಸ ಮಾಸ್ಕ್ ಬಂದವು. ಕುಂಞಿಗೆ ನಾಳೆಯಿಂದ ಸ್ಟೋರಿನಲ್ಲಿ ಕೆಲಸ ಎಂದರು. ಅವನು ಟ್ಯಾಂಕರಿನ ನೀರಲ್ಲೇ ಮುಖ ತೊಳೆದು ನಕ್ಕದ್ದನ್ನು ನಾನು ಕಣ್ಣಾರೆ ಕಂಡೆ.

ಲತೇಶ ಜೀವಮಾನದಲ್ಲಿ ಒಮ್ಮೆ ಬಾಯಿ ಮುಚ್ಚಿದ್ದರೆ ಸಾಕಿತ್ತು. ಮ್ಯಾನೇಜರ್ ತಪ್ಪು ತಿಳಿದಿದ್ದಾನೆಂದು ಗೊತ್ತಾದದ್ದೇ, ನಮ್ಮನ್ನೂ ಕಟ್ಟಿಕೊಂಡು ಆಫೀಸಿಗೆ ಓಡಿದ. ಬ್ಯಾನರನ್ನು ಮೇಜಿನ ಮೇಲೆ ಹಾಸಿ, ಹಿಂದಿಯಲ್ಲಿ ಅರ್ಥ ಬಿಡಿಸಿ ಹೇಳಿದ: ಇದು ನಮ್ಮೂರಿನ ಧೂಳು ಸಾರ್, ಇಲ್ಲಿಯದಲ್ಲ, ಇಲ್ಲಿ ನಮಗೆ ಏನೂ ತೊಂದರೆ ಇಲ್ಲ. ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು. ಲತೇಶನ ಬೆನ್ನು ತಟ್ಟಿ, ನಿಮ್ಮ ಹೋರಾಟಕ್ಕೆ ಜಯವಾಗಲಿ ಎಂದು ಹಾರೈಸಿ ಚಹಾ ತರಿಸಿದ. ನಾವೂ ಕುಡಿದೆವು.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ಇವನಿಂದ ಊರಿಗಾದ ಉಪಕಾರ ಒಂದು ಫೋಟೋ. ಮಧ್ಯಾಹ್ನ ಟ್ಯಾಂಕರ್ ಗೇಟಿನ ಖರ್ಜೂರದ ಮರಗಳಿಗೆ ನೀರು ಹೊಡೆಯುತ್ತಿತ್ತು. ಸ್ಟೋರಿನ ಮಾತು ರದ್ದಾಗಿ ಕುಂಞಿ ಪುನಃ ಲೋಡರ್ ಹತ್ತಿದ.

ಸಂಜೆ ಬಸ್ಸಿನಲ್ಲಿ ಅವನು ಲತೇಶನ ಪಕ್ಕದಲ್ಲೇ ಹೋಗಿ ಕುಳಿತ. ಹೊಡೆದಾಟವಾಗುತ್ತದೆ ಅಂದುಕೊಂಡೆ, ಆಗಲಿ ಅಂತಲೂ ಅಂದುಕೊಂಡೆ.

"ಲತೇಶಣ್ಣ, ಊರಿನವರ ಹತ್ರ ಒಂದು ಮಾತು ಹೇಳ್ತೀರಾ? ನಮ್ಮ ಇಲ್ಲಿಯ ಧೂಳಿಗೆ ಅವ್ರು ಅಲ್ಲಿ ಒಂದು ಬ್ಯಾನರ್ ಹಿಡೀಲಿ. ಅಲ್ಲಿ ಹಿಡಿದ್ರೆ ಯಾರೂ ವಿಮಾನ ಹತ್ತಿಸುದಿಲ್ಲ ಅಲ್ವಾ?"

ಲತೇಶ ಕಿಟಕಿಯತ್ತ ತಿರುಗಿದ. "ಅವರಿಗೆ ಅವರದ್ದೇ ಕಷ್ಟ ಉಂಟು ಮಾರಾಯ," ಎಂದ. ಆಮೇಲೆ ಕಿಸೆಯಿಂದ ಒಂದು ಪೊಟ್ಟಣ ತೆಗೆದ. "ಬೆಲ್ಲ ತಂದಿದ್ದೇನೆ. ಬೇಕಾ?"

ಕುಂಞಿ ಕೈಚಾಚಿ ತೆಗೆದುಕೊಂಡು ಬಾಯಿಗೆ ಹಾಕಿದ. ಕೆಮ್ಮು ಬಂತು, ನುಂಗಲಾಗಲಿಲ್ಲ.