ಬದರಿನಾಥರ ಹಳದಿ ಪುಡಿ

ಬೀರುವಿನ ಬಾಗಿಲಿಗೆ ಕೈಹಾಕಿದ್ದ ಪ್ರೊಫೆಸರ್ ಶಶಿಕಾಂತ್, ಹೆಜ್ಜೆ ಸಪ್ಪಳ ಕೇಳಿ ಥಟ್ಟನೆ ಕೈ ಹಿಂದೆಗೆದರು.

"ಏನ್ ಬೇಕಿತ್ತು ಸಾರ್?" ಎಂದರು ಚೂಡಾಮಣಿ.

"ನೀರು... ಕುಡಿಯೋಕೆ."

"ನೀರು ಅಡಿಗೆಮನೇಲಿದೆ."

ನಡುಮನೆಯಲ್ಲಿ ಗಂಡ ಬದರಿನಾಥರ ದೇಹ ಮಲಗಿತ್ತು. ಬನಶಂಕರಿ ಚಿತಾಗಾರಕ್ಕೆ ಒಯ್ಯುವ ವ್ಯಾನು ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿದೆಯೆಂದು ಮಗ ಪ್ರಮೋದ್ ಫೋನಿನಲ್ಲಿ ಕೂಗಾಡುತ್ತಿದ್ದ. ಶಶಿಕಾಂತರ ಲ್ಯಾಬಿನಲ್ಲಿ ಬದರಿನಾಥ ಮೂವತ್ತು ವರ್ಷ ಸಹಾಯಕರಾಗಿ ದುಡಿದಿದ್ದರು. ನಿವೃತ್ತಿಯಾದ ಮೇಲೆ ಒಮ್ಮೆಯೂ ಇತ್ತ ತಲೆಹಾಕದ ಈ ಮನುಷ್ಯ ಇವತ್ತು ನೆಂಟರಿಗಿಂತ ಮೊದಲೇ ಬಂದು ಕೂತಿದ್ದರು. ಅಳಲು ಬಂದವರ ಕಣ್ಣಿಗೆ ಬೀರುವಿನಲ್ಲೇನು ಕೆಲಸ?

\*

ಎಂಟು ವರ್ಷದ ಹಿಂದೊಂದು ಮಧ್ಯಾಹ್ನ ಬದರಿನಾಥ ಲ್ಯಾಬಿನಿಂದ ಚಿಟಿಕೆ ಹಳದಿ ಪುಡಿ ಮನೆಗೆ ತಂದು, ನೀಲಿ ಬಣ್ಣ ಕಲಸಿದ ನೀರಿಗೆ ಹಾಕಿ, ಕಿಟಕಿ ಮುಚ್ಚಿ ಟ್ಯೂಬ್‌ಲೈಟಿನ ಕೆಳಗಿಟ್ಟಿದ್ದರು.

"ಗೋಡೆ ಪೇಂಟಿಗೆ ಹಾಕೋ ಬಿಳಿ ಪುಡಿನೇ ಕಣೆ ಇದು, ಟೈಟಾನಿಯಂ ಡೈಆಕ್ಸೈಡ್. ಬಿಳಿ ಇದ್ದಾಗ ಬಿಸಿಲಲ್ಲಿರೋ ನೇರಳಾತೀತ ಕಿರಣಕ್ಕೆ ಮಾತ್ರ ಕೆಲಸ ಮಾಡತ್ತೆ. ಯೂರಿಯಾ ಜೊತೆ ಸುಟ್ರೆ ಸಾರಜನಕ ಒಳಗೆ ಸೇರ್ಕೊಂಡು ಹಳದಿಯಾಗತ್ತೆ. ಆಮೇಲೆ ಮಾಮೂಲಿ ಬೆಳಕಲ್ಲೂ ನೀರಿನ ಕೊಳೆ ತಿನ್ನತ್ತೆ. ಆದ್ರೆ ಸುಡೋ ಬಟ್ಟಲಿಗೆ ಮುಚ್ಚಳ ಹಾಕ್ಲೇಬೇಕು. ಇಲ್ದಿದ್ರೆ ಸಾರಜನಕ ಎಲ್ಲಾ ಹಾರೋಗತ್ತೆ."

ಸಂಜೆಗೆ ನೀರು ತಿಳಿಯಾಗಿತ್ತು. ಆ ಪುಡಿಯ ಸಂಶೋಧನೆ ಅಚ್ಚಾದಾಗ ಅದರಲ್ಲಿದ್ದುದು ಶಶಿಕಾಂತರ ಹೆಸರೊಂದೇ. "ಹೋಗ್ಲಿ ಬಿಡು" ಎಂದಿದ್ದರು ಬದರಿನಾಥ. ಚೂಡಾಮಣಿ ಬಿಟ್ಟಿರಲಿಲ್ಲ.

\*

"ನಿಜ ಹೇಳಿ ಸಾರ್. ಬೀರುವಲ್ಲಿರೋ ಅವರ ಲ್ಯಾಬ್ ನೋಟ್‌ಬುಕ್ ಸುಟ್ಟುಹಾಕೋಕೆ ಬಂದಿದೀರಾ?"

"ಅಯ್ಯೋ, ಸುಡೋಕಲ್ಲಮ್ಮ, ಓದೋಕೆ!" ಶಶಿಕಾಂತರ ದನಿ ಕುಸಿಯಿತು. "ಅವರು ರಿಟೈರಾದ್ಮೇಲೆ ಒಂದ್ಸಲಾನೂ ಹಳದಿ ಬಂದಿಲ್ಲ. ಸುಟ್ಟಷ್ಟೂ ಬಿಳಿನೇ. ನಾನು ಸುಳ್ಳು ಫಲಿತಾಂಶ ಬರ್ದೆ ಅಂತ ವಿಚಾರಣೆ ನಡೀತಿದೆ. ಅವರು ಬರ್ಕೊಟ್ಟ ಹಾಗೇ ಮಾಡ್ತಿದೀವಿ, ನೋಡಿ."

ಜೇಬಿನಿಂದ ಮಡಚಿದ ಹಾಳೆ ತೆಗೆದರು. ಗಂಡನದೇ ದುಂಡು ಅಕ್ಷರ. ಯೂರಿಯಾ ಎಷ್ಟು, ಕಾವು ಎಷ್ಟು, ಎಲ್ಲ ಇತ್ತು. ನಡುವೆ ಒಂದು ಸಾಲು: 'ಬಟ್ಟಲನ್ನು ತೆರೆದೇ ಇಡುವುದು.' 'ತೆರೆದೇ' ಎಂಬುದರ ಕೆಳಗೆ ಗೆರೆ ಎಳೆದಿತ್ತು.

ಚೂಡಾಮಣಿ ಆ ಸಾಲನ್ನು ಎರಡು ಸಲ ಓದಿದರು. ಯಾರಿಗೂ ಎದುರಾಡದ ಗಂಡ, ತನ್ನೆದುರೂ ಬಾಯಿಬಿಡದೆ, ಇಷ್ಟು ವರ್ಷ!

"ನಿಮ್ಗೇನಾದ್ರೂ ಹೇಳಿದ್ರಾ?" ಶಶಿಕಾಂತ್ ಅಂಗಲಾಚಿದರು.

'ಮುಚ್ಚಳ' ಎಂಬ ಮಾತು ನಾಲಿಗೆಯ ತುದಿಗೆ ಬಂತು.

"ಕೆಮಿಸ್ಟ್ರಿ ಎಲ್ಲಾ ನಂಗೇನ್ ತಿಳಿಯತ್ತೆ ಸಾರ್?" ಎಂದು ಚೂಡಾಮಣಿ ಹಾಳೆಯನ್ನು ಮಡಚಿ ವಾಪಸ್ಸು ಕೊಟ್ಟರು.

"ಅಮ್ಮಾ, ವ್ಯಾನ್ ಬಂತು. ಬಾಯಿಗೆ ಅಕ್ಕಿ ಹಾಕು ಬಾ," ಪ್ರಮೋದ್ ಕರೆದ.

ಅವರು ಅಕ್ಕಿ ಹಿಡಿದು ಬಗ್ಗಿದರು. ಬದರಿನಾಥರ ತುಟಿ ಬಿಗಿದುಕೊಂಡಿತ್ತು.

"ಸ್ವಲ್ಪ ಬಿಡಿಸಿ ಹಾಕೀಮ್ಮ," ಎಂದರು ಪುರೋಹಿತರು.

ಚೂಡಾಮಣಿ ಬಿಡಿಸಲಿಲ್ಲ. ಅಕ್ಕಿಕಾಳುಗಳು ಮುಚ್ಚಿದ ತುಟಿಯ ಮೇಲಿಂದ ಒಂದೊಂದಾಗಿ ಜಾರಿ ಕೊರಳ ಹೂವಿನೊಳಗೆ ಬಿದ್ದವು.