ನೊರೆ ಬಾರದ ನೀರು

ಬೆಳಗಿನ ಗಂಟೆ ಹೊಡೆದ ಮೇಲೆ ಇನ್ಸಾಫ್ ಮೂರನೆಯ ವರ್ಷದ ತರಗತಿಗೆ ಹೋದಳು. ಎಲ್ಲ ಬೆಂಚುಗಳ ಮೇಲೂ ಧೂಳು ಕೂತಿತ್ತು, ಮುಂದಿನ ಒಂದನ್ನು ಬಿಟ್ಟು. ಅಲ್ಲಿ ರಿಹಾಬ್ ಕೂತಿದ್ದಳು.

ರಶೀದ್ ಪಟ್ಟಣದ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೆಯ, ಅಂದರೆ ಕೊನೆಯ ವರ್ಷದವರು ತರಗತಿಗೆ ಬರುವ ರೂಢಿಯೇ ಇರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ನಿದ್ದೆ, ಮಧ್ಯಾಹ್ನದ ಮೇಲೆ ದುಡ್ಡು ಕೊಟ್ಟು ಕಲಿಯುವ ಟ್ಯೂಷನ್ ಸೆಂಟರು. ಬೆಳಿಗ್ಗೆ ಖಾಲಿ ಬೆಂಚುಗಳ ಮುಂದೆ ಆಕಳಿಸುವ ಉಪಾಧ್ಯಾಯರೇ ಸಂಜೆ ಸೆಂಟರಿನಲ್ಲಿ ಮೈಕು ಹಿಡಿದು ಕೂಗುತ್ತಿದ್ದರು. ರಸಾಯನಶಾಸ್ತ್ರ ಕಲಿಸುವ ಇನ್ಸಾಫ್ ಕೂಡ ಅವರಲ್ಲೊಬ್ಬಳು. ರಿಹಾಬ್‌ಳ ತಾಯಿ ಮಾರುಕಟ್ಟೆಯಲ್ಲಿ ಮೀನು ಹೆಚ್ಚಿಕೊಡುವವಳು. ಸೆಂಟರಿಗೆ ಕಳಿಸುವ ಶಕ್ತಿ ಅವಳಿಗಿರಲಿಲ್ಲ. ಹಾಗಾಗಿ ಹುಡುಗಿ ಶಾಲೆಗೆ ಬರುತ್ತಿದ್ದಳು.

"ಅಬ್ಲಾ, ಒಂದು ಕೇಳ್ಲಾ?" ಅಂದಳು ರಿಹಾಬ್. ಟೀಚರನ್ನು ಅಲ್ಲಿ ಹಾಗೇ ಕರೆಯುವುದು.

"ಬೇಡ ಅಂದ್ರೆ ಬಿಡ್ತೀಯಾ?"

"ಅಮ್ಮ ಕೈ ತೊಳ್ಕೊಳ್ವಾಗ ನಮ್ಮ ಕೈಪಂಪಿನ ನೀರಲ್ಲಿ ಸಾಬೂನು ನೊರೆನೇ ಬರಲ್ಲ. ಬರೀ ಬಿಳಿ ಗಸಿ. ಪಕ್ಕದ್ಮನೆ ನಲ್ಲಿ ನೀರಲ್ಲಾದ್ರೆ ಬುಸಬುಸ ಅಂತ ಬರುತ್ತೆ. ಎರಡೂ ನೀರೇ ತಾನೆ?"

ಹಿಂದಿನ ಸಂಜೆ ಕೂಗಿ ಕೂಗಿ ಇನ್ಸಾಫ್‌ಳ ಗಂಟಲು ಕಟ್ಟಿತ್ತು. ಹುಡುಗಿಯ ಮುಖ ನೋಡಿದಳು. ಅದರಲ್ಲಿ ಹಸಿವಿನಂಥದ್ದು ಏನೋ ಇತ್ತು. ಅದನ್ನು ನೋಡಿ ಖುಷಿಪಡುವ ಬದಲು ಅವಳಿಗೆ ಭಯವಾಯಿತು. ಸೆಂಟರಿಲ್ಲದೆ ಈ ಹುಡುಗಿ ಪರೀಕ್ಷೆಯಲ್ಲಿ ಮುಳುಗುತ್ತಾಳೆ. ಮುಳುಗಿದರೆ ತಾಯಿಯ ಪಕ್ಕದಲ್ಲೇ ಮೀನು ಹೆಚ್ಚುತ್ತಾ ಕೂರುತ್ತಾಳೆ.

"ಅದು ಪರೀಕ್ಷೆಗೆ ಬರಲ್ಲ, ಮಗಳೇ" ಅಂದಳು.

ಉಪಾಧ್ಯಾಯರ ಕೋಣೆಯಲ್ಲಿ ಗಣಿತದ ಸಬ್ರಿ ಚಹಾದ ಲೋಟ ಹಿಡಿದು ಕಾಯುತ್ತಿದ್ದ. "ಬಂದಿದ್ದಾಳಾ ನಿಮ್ಮ ಮಹಾರಾಣಿ? ಅವಳೊಬ್ಬಳು ಬರದೇ ಇದ್ರೆ ನಾವೂ ನೆಮ್ಮದಿಯಾಗಿ ಚಹಾ ಕುಡೀಬಹುದಿತ್ತು."

"ಅವಳು ಕಲಿಯೋಕೆ ಬರ್ತಾಳೆ, ಸಬ್ರಿ."

"ಶಾಲೆಗಾ? ಪಾಪ, ಯಾರೂ ಹೇಳಿಲ್ವಾ ಅವಳಿಗೆ?" ಅವನು ನಕ್ಕ. ಆಮೇಲೆ ದನಿ ತಗ್ಗಿಸಿದ. "ನಾನೇನು ರಾಕ್ಷಸ ಅಲ್ಲ ಕಣ್ರೀ. ಸರ್ಕಾರದ ಸಂಬಳದಲ್ಲಿ ನನ್ನ ಮನೆ ನಡೆಯಲ್ಲ. ನಿಮ್ಮದು ನಡೆಯುತ್ತಾ? ಅಷ್ಟು ಮರುಕ ಇದ್ರೆ ಸೆಂಟರಿನಲ್ಲಿ ಒಂದು ಕುರ್ಚಿ ಕೊಡಿಸಿ."

ಇನ್ಸಾಫ್ ಕೊಡಿಸಿದಳು. ಸೆಂಟರಿನ ಮಾಲೀಕನ ಹತ್ತಿರ ಹಲ್ಲು ಗಿಂಜಿ, ಪುಕ್ಕಟೆಯಾಗಿ. ಸುದ್ದಿ ಕೇಳಿ ರಿಹಾಬ್‌ಳ ತಾಯಿ ಮಾರುಕಟ್ಟೆಯ ನಡುವೆಯೇ ಇನ್ಸಾಫ್‌ಳ ಭುಜಕ್ಕೆ ಮುತ್ತಿಟ್ಟಳು. ಆ ಮೀನಿನ ವಾಸನೆ ಸಂಜೆಯವರೆಗೂ ಬಟ್ಟೆಯಲ್ಲಿತ್ತು. ಇನ್ಸಾಫ್‌ಗೆ ಅದು ಇಷ್ಟವಾಯಿತು.

ಸೆಂಟರಿನ ಸಭಾಂಗಣ ಮದುವೆ ಮಂಟಪದ ಹಾಗಿತ್ತು. ಇನ್ಸಾಫ್ ಸಮೀಕರಣಗಳಿಗೆ ಪ್ರಾಸ ಕಟ್ಟಿದ್ದಳು. ಮೈಕಿನಲ್ಲಿ ಅರ್ಧ ಹೇಳಿದರೆ ಹುಡುಗಿಯರು ಉಳಿದರ್ಧವನ್ನು ಒಟ್ಟಿಗೆ ಕೂಗುತ್ತಿದ್ದರು. ಮೊದಮೊದಲು ರಿಹಾಬ್ ಕೈ ಎತ್ತುತ್ತಿದ್ದಳು. ಎತ್ತಿದ ಕೈಗಳಿಗೆ ಅಲ್ಲಿ ಸಮಯವಿರಲಿಲ್ಲ. "ಏಯ್, ಕೈ ಇಳಿಸೇ, ಕಾಣಲ್ಲ" ಎಂದು ಹಿಂದಿನವರು ಗದರುತ್ತಿದ್ದರು. ಚಳಿಗಾಲ ಬರುವಷ್ಟರಲ್ಲಿ ಅವಳ ದನಿ ಉಳಿದ ದನಿಗಳಲ್ಲಿ ಕರಗಿಹೋಗಿತ್ತು. ಪ್ರಾಸದಲ್ಲಿ ಒಮ್ಮೆಯೂ ತಪ್ಪುತ್ತಿರಲಿಲ್ಲ.

ಶಾಲೆಗೆ ಬರುವುದನ್ನೂ ಬಿಟ್ಟಳು. ಮುಂದಿನ ಬೆಂಚಿನ ಮೇಲೂ ಧೂಳು ಕೂತಿತು. ಸಬ್ರಿ ನೆಮ್ಮದಿಯಾಗಿ ಚಹಾ ಕುಡಿದ.

ಪರೀಕ್ಷೆಯ ಅರ್ಜಿಗೆ ಫೋಟೋ ಕೊಡಲು ರಿಹಾಬ್ ಬರುತ್ತಾಳೆಂದು ತಿಳಿದಿದ್ದ ದಿನ ಇನ್ಸಾಫ್ ಎರಡು ಸೀಸೆ ತಂದಳು, ಒಂದರಲ್ಲಿ ಪಂಪಿನ ನೀರು, ಇನ್ನೊಂದರಲ್ಲಿ ನಲ್ಲಿಯದು. ಜೊತೆಗೆ ಒಂದು ತುಂಡು ಸಾಬೂನು. ಬೆಂಚು ಒರೆಸಿ ಅದರ ಮೇಲೆ ಇಟ್ಟು ಕಾದಳು.

ರಿಹಾಬ್ ಬಾಗಿಲಲ್ಲೇ ನಿಂತಳು. "ಕರೆದ್ರಂತೆ, ಅಬ್ಲಾ."

"ಬಾ. ನಿನ್ನ ಪ್ರಶ್ನೆಗೆ ಉತ್ತರ."

"ಯಾವ ಪ್ರಶ್ನೆ?" ಸೀಸೆಗಳನ್ನು ನೋಡಿ ನೆನಪಾಯಿತು. ನಾಚಿ ನಕ್ಕಳು. "ಓ, ಅದಾ! ಪರೀಕ್ಷೆಗೆ ಬರುತ್ತಾ?"

ಇನ್ಸಾಫ್ ಸಾಬೂನಿನ ಚೂರೊಂದನ್ನು ಮುರಿದು ಪಂಪಿನ ನೀರಿನ ಸೀಸೆಗೆ ಹಾಕಿದಳು.

"ಬರಲ್ಲ ಅಂದಿದ್ರಿ ನೀವೇ."

"ಒಂದು ನಿಮಿಷ, ರಿಹಾಬ್. ಸುಮ್ಮನೆ ಅಲುಗಾಡಿಸಿ ನೋಡು."

"ಇವತ್ತು ಭೌತಶಾಸ್ತ್ರ ಇದೆ ಅಬ್ಲಾ, ಬೇಗ ಹೋಗದಿದ್ರೆ ಮುಂದಿನ ಸಾಲು ಸಿಗಲ್ಲ. ಪರೀಕ್ಷೆ ಮುಗಿದ್ಮೇಲೆ ನೋಡ್ತೀನಿ, ಆಯ್ತಾ?" ಅವಳ ದನಿಯಲ್ಲಿ ಒಂಚೂರೂ ಬಿರುಸಿರಲಿಲ್ಲ. ಹತ್ತಿರ ಬಂದು ಟೀಚರ ಕೆನ್ನೆಗೆ ಮುತ್ತಿಟ್ಟಳು. "ಆ ಕುರ್ಚಿ ಕೊಡಿಸಿದ್ದಕ್ಕೆ ಅಮ್ಮ ದಿನಾ ನಿಮಗೋಸ್ಕರ ಬೇಡ್ಕೋತಾಳೆ."

ಅವಳ ಹೆಜ್ಜೆಗಳು ಮೆಟ್ಟಿಲಿಳಿದು ಹೋದವು. ಕರೆಯಬೇಕೆಂದು ಇನ್ಸಾಫ್ ಬಾಯಿ ತೆರೆದಳು. ಕರೆದು ಹೇಳುವುದಾದರೂ ಏನು? ಸೆಂಟರು ಬಿಡು ಎಂದೇ?

ಆ ವಾರವೇ ಅವಳು ಮುಖ್ಯೋಪಾಧ್ಯಾಯಿನಿಯನ್ನು ಕಂಡು ತನ್ನನ್ನು ಮೊದಲ ವರ್ಷಕ್ಕೆ ಹಾಕಲು ಕೇಳಿದಳು. ಮೊದಲ ವರ್ಷದವರು ಇನ್ನೂ ಶಾಲೆಗೆ ಬರುತ್ತಿದ್ದರು.

"ತಲೆ ಕೆಟ್ಟಿದೆಯಾ ನಿಮಗೆ?" ಎಂದ ಸಬ್ರಿ. "ಮೂರನೇ ವರ್ಷ ಕಲಿಸದೋರನ್ನ ಯಾವ ಸೆಂಟರೂ ಮೂಸಲ್ಲ. ನೀವೊಬ್ಬರು ಕೆಳಗಿಳಿದ್ರೆ ಏನು ಬದಲಾಗುತ್ತೆ?"

"ಏನೂ ಇಲ್ಲ" ಎಂದಳು ಇನ್ಸಾಫ್. ಅವಳು ಹಾಗೇ ನಂಬಿದ್ದಳು.

ಕೆಳಗಿನ ತರಗತಿ ಸಂತೆಯಂತಿತ್ತು. ಯಾರೋ ಡೆಸ್ಕಿನಡಿ ಫಲಾಫೆಲ್ ತಿನ್ನುತ್ತಿದ್ದಳು, ಇನ್ಯಾರೋ ಗೆಳತಿಯ ಜಡೆ ಹೆಣೆಯುತ್ತಿದ್ದಳು. ಇನ್ಸಾಫ್ ಎರಡು ಸೀಸೆಗಳನ್ನು ಮೇಜಿನ ಮೇಲಿಟ್ಟು ಸಾಬೂನು ಚೂರುಮಾಡಿ ಎರಡಕ್ಕೂ ಹಾಕಿದಳು. ಗದ್ದಲ ಸ್ವಲ್ಪ ಇಳಿಯಿತು. ಪಂಪಿನ ನೀರಿನ ಸೀಸೆಯನ್ನು ಮುಂದಿನ ಸಾಲಿನ ಹುಡುಗಿಗೆ ಚಾಚಿದಳು.

ಹುಡುಗಿ ಅದನ್ನು ಅನುಮಾನದಿಂದ ನೋಡಿದಳು. "ಅಬ್ಲಾ, ಇದು ಪರೀಕ್ಷೆಗೆ ಬರುತ್ತಾ?"

ಇನ್ಸಾಫ್‌ಳ ಕೈ ಗಾಳಿಯಲ್ಲೇ ನಿಂತಿತು.

"ಗೊತ್ತಿಲ್ಲ" ಎಂದು ಸುಳ್ಳು ಹೇಳಿದಳು. "ಮೊದಲು ಅಲುಗಾಡಿಸು."